ಮಗಳು ಫ್ರೆಂಚ್ ತಗೊಳ್ತೀನಿ ಅಂದರೆ

(ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳ ಕಾಲೇಜು ಖರ್ಚಿನ ವಿಷಯ ಬಂದಾಗ ನಿಮ್ಮಲ್ಲಿ ಕೆಲವರು ಒಂದು ಪ್ರಶ್ನೆ ಕೇಳಿದಿರಿ. "ಮಗಳು ಪಿಯುಸಿಯಲ್ಲಿ ಕನ್ನಡ ಬಿಟ್ಟು ಫ್ರೆಂಚ್ ತಗೊಳ್ತೀನಿ ಅಂತಾಳೆ. ಅದರಿಂದ ಕೆಲಸ ಸಿಗ್ತದಾ? ಕ್ಲಾಸಿಗೆ ಸಂಘದಿಂದ ಸಾಲ ತೆಗೀಬಹುದಾ?" ಅದಕ್ಕೇ ಇವತ್ತು ಇದರ ಬಗ್ಗೆಯೇ ಮಾತಾಡೋಣ ಅಂತ ಬಂದಿದ್ದೇವೆ.

ಫ್ರೆಂಚ್ ಅಂದರೆ ಗಾಬರಿಯಾಗಬೇಕಾಗಿಲ್ಲ. ನೀವು ಕ್ರೋಶಾ ಹೆಣೆಯುತ್ತೀರಲ್ಲ, ಆ ಕ್ರೋಶಾ ಫ್ರೆಂಚ್ ಮಾತು. ಸಣ್ಣ ಕೊಕ್ಕೆ ಅಂತ ಅರ್ಥ. ಬಸ್ ಡಿಪೋ, ಗ್ಯಾರೇಜು, ಕೂಪನ್, ಹೋಟೆಲಿನ ಮೆನು ಇವೆಲ್ಲ ಅಲ್ಲಿಂದ ಇಂಗ್ಲಿಷಿಗೆ ಹೋಗಿ ನಮ್ಮ ಬಾಯಿಗೆ ಬಂದವು. ಟಿಪ್ಪು ಸುಲ್ತಾನನ ರಾಯಭಾರಿಗಳು 1788ರಲ್ಲೇ ಫ್ರಾನ್ಸಿನ ಅರಸನ ಆಸ್ಥಾನಕ್ಕೆ ಹೋಗಿದ್ದರು. ಬೆಂಗಳೂರಿನ ಸಂತ ಜೋಸೆಫರ ಕಾಲೇಜನ್ನು 1882ರಲ್ಲಿ ಶುರು ಮಾಡಿದವರೂ ಫ್ರೆಂಚ್ ಮಿಷನರಿಗಳೇ.

ಇವತ್ತು ಫ್ರೆಂಚ್ ಮಾತಾಡುವವರು ಫ್ರಾನ್ಸಿಗಿಂತ ಆಫ್ರಿಕಾದಲ್ಲೇ ಹೆಚ್ಚು. ಬೆಲ್ಜಿಯಂ, ಸ್ವಿಟ್ಜರ್ಲೆಂಡ್, ಕೆನಡಾದ ಕ್ವಿಬೆಕ್ ಪ್ರಾಂತ್ಯ, ಸೆನೆಗಲ್, ಕ್ಯಾಮರೂನ್, ಕಾಂಗೋ ಹೀಗೆ ಹಲವು ಕಡೆ ಅದು ಆಡಳಿತದ ಭಾಷೆ. ವಿಶ್ವಸಂಸ್ಥೆಯ 6 ಅಧಿಕೃತ ಭಾಷೆಗಳಲ್ಲೂ ಒಂದು.

ಈಗ ನಿಜ ಸಂಗತಿಗೆ ಬರೋಣ. ನಮ್ಮ ಮಕ್ಕಳಲ್ಲಿ ಬಹಳ ಮಂದಿ ಫ್ರೆಂಚ್ ತಗೊಳ್ಳೋದು ಮಾರ್ಕಿಗೋಸ್ಕರ. ಅಕ್ಷರದಿಂದ ಕಲಿಸುತ್ತಾರೆ, ಪಾಠ ಸಣ್ಣದು, ನೂರಕ್ಕೆ ತೊಂಬತ್ತೈದು ಬರುತ್ತದೆ ಅಂತ. ಬರಲಿ, ತಪ್ಪೇನಿಲ್ಲ. ಆದರೆ ಆ ಮಾರ್ಕ್ಸ್ ಕಾರ್ಡ್ ನೋಡಿ ಯಾರೂ ಕೆಲಸ ಕೊಡುವುದಿಲ್ಲ. ಪರೀಕ್ಷೆ ಮುಗಿದು ಒಂದು ವರ್ಷಕ್ಕೆ ಮಗುವಿನ ಬಾಯಲ್ಲಿ "ಬೋಂಜೂರ್" ಒಂದೇ ಉಳಿದಿರುತ್ತದೆ.

ಕೆಲಸ ಕೊಡುವವರು ಕೇಳೋದು ಮಟ್ಟವನ್ನು. ಎ1, ಎ2, ಬಿ1, ಬಿ2, ಸಿ1, ಸಿ2 ಅಂತ 6 ಮೆಟ್ಟಿಲುಗಳಿವೆ. ಮೊದಲ ನಾಲ್ಕಕ್ಕೆ ಡೆಲ್ಫ್ ಪರೀಕ್ಷೆ, ಮೇಲಿನ ಎರಡಕ್ಕೆ ಡಾಲ್ಫ್. ಡೆಲ್ಫ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಒಂದೊಂದಕ್ಕೆ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವುದರಲ್ಲೂ 5ಕ್ಕಿಂತ ಕಡಿಮೆ ಆಗಬಾರದು. ಈ ಪ್ರಮಾಣಪತ್ರಕ್ಕೆ ಅವಧಿ ಇಲ್ಲ, ಜೀವನಪೂರ್ತಿ ನಡೆಯುತ್ತದೆ. ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕ್ಲಾಸೂ ಇದೆ, ಪರೀಕ್ಷೆಯೂ ಇದೆ. ಬಿ2 ಮುಟ್ಟಿದವಳಿಗೆ ಭಾಷೆಯಿಂದ ಅನ್ನ ಸಿಗುತ್ತದೆ ಅಂತ ಹೇಳಬಹುದು. ಅಲ್ಲಿಗೆ ಮುಟ್ಟೋಕೆ ಸುಮಾರು 500ರಿಂದ 600 ಗಂಟೆ ಕಲಿಕೆ ಬೇಕು. ದಿನಕ್ಕೆ ಒಂದು ಗಂಟೆ ತಪ್ಪದೆ ಕೂತರೂ ಸುಮಾರು ಒಂದೂವರೆ ವರ್ಷ ಬೇಕಾಗುತ್ತದೆ.

ಎಂಥ ಕೆಲಸ? ಬಿ.ಕಾಂ. ಓದಿದವಳಿಗೆ ಫ್ರೆಂಚ್ ಗಿರಾಕಿಗಳ ಬಿಲ್ಲು, ಲೆಕ್ಕ, ಪತ್ರ ನೋಡಿಕೊಳ್ಳುವ ಕಂಪನಿಗಳಿವೆ. ದೊಡ್ಡ ಹೋಟೆಲು, ಪ್ರವಾಸ ಕಂಪನಿಗಳಿವೆ. ಎಂ.ಎ. ಮತ್ತು ಬಿ.ಎಡ್. ಮಾಡಿದರೆ ಫ್ರೆಂಚ್ ಕಲಿಸುವ ಶಾಲೆಗಳಲ್ಲಿ ಟೀಚರ್ ಕೆಲಸ. ಹೈದರಾಬಾದಿನ ಇಎಫ್‌ಎಲ್‌ಯು, ಪಾಂಡಿಚೇರಿ ವಿಶ್ವವಿದ್ಯಾಲಯಗಳಲ್ಲಿ ಫ್ರೆಂಚ್ ಎಂ.ಎ. ಇದೆ. ಆದರೆ ಬರೀ ಅನುವಾದವನ್ನೇ ನಂಬಿ ಕೂರಬೇಡಿ, ಸಾಮಾನ್ಯ ಪತ್ರವನ್ನು ಈಗ ಮೊಬೈಲೇ ಅನುವಾದ ಮಾಡಿಬಿಡುತ್ತದೆ. ಇನ್ನೊಂದು ಮಾತು. ಏರ್‌ಬಸ್, ಕ್ಯಾಪ್‌ಜೆಮಿನಿ ಫ್ರಾನ್ಸಿನ ನಂಟಿರುವ ಕಂಪನಿಗಳು, ಬೆಂಗಳೂರಲ್ಲಿ ಇವೆ, ನಿಜ. ಹಾಗಂತ ಅಲ್ಲಿನ ಎಲ್ಲ ಕೆಲಸಕ್ಕೂ ಫ್ರೆಂಚ್ ಬೇಕು ಅಂತಲ್ಲ. ಮೊದಲು ಒಂದು ಕಸುಬು ಇರಲಿ, ಭಾಷೆ ಅದರ ಜೊತೆಗಿರಲಿ. ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ.

ನರ್ಸಿಂಗ್ ಓದುವ ಮಕ್ಕಳ ತಾಯಂದಿರು ಇಲ್ಲಿ ಬಹಳ ಮಂದಿ ಇದ್ದೀರಿ, ಆದ್ದರಿಂದ ಕೆನಡಾ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಕ್ವಿಬೆಕ್‌ನಲ್ಲಿ 1977ರ ಭಾಷಾ ಕಾನೂನಿನಂತೆ ನರ್ಸ್ ಆಗಿ ನೋಂದಾಯಿಸಲು ಫ್ರೆಂಚ್ ಬರಬೇಕು. ಉಳಿದ ಪ್ರಾಂತ್ಯಗಳಿಗೂ ಫ್ರೆಂಚ್ ಚೆನ್ನಾಗಿ ಬಲ್ಲವರನ್ನು ಪ್ರತ್ಯೇಕವಾಗಿ ಆರಿಸುವ ಕ್ರಮವನ್ನು ಕೆನಡಾ ಸರ್ಕಾರ 2023ರಲ್ಲಿ ತಂದಿತು. ಆದರೆ ಆ ಅರ್ಜಿಗೆ ಡೆಲ್ಫ್ ನಡೆಯುವುದಿಲ್ಲ. ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಪರೀಕ್ಷೆಯೇ ಆಗಬೇಕು, ಅದರ ಫಲಿತಾಂಶ 2 ವರ್ಷ ಮಾತ್ರ ನಡೆಯುತ್ತದೆ. ಇದು ಗೊತ್ತಿಲ್ಲದೆ ಬೇರೆ ಪರೀಕ್ಷೆಗೆ ದುಡ್ಡು ಕಟ್ಟಬೇಡಿ. "ಮೂರು ತಿಂಗಳಲ್ಲಿ ಫ್ರೆಂಚ್, ಆರು ತಿಂಗಳಲ್ಲಿ ವೀಸಾ" ಅನ್ನುವ ಏಜೆಂಟರು ಬಂದರೆ ಬಾಗಿಲಲ್ಲೇ ನಿಲ್ಲಿಸಿ.

ಕನ್ನಡ ಬಿಡುವ ವಿಷಯದಲ್ಲಿ ನಮ್ಮ ಮಾತು ಇಷ್ಟೆ. ಹತ್ತನೇ ತರಗತಿವರೆಗೆ ಕನ್ನಡ ಚೆನ್ನಾಗಿ ಓದಿ ಬರೆದ ಮಗು ಪಿಯುಸಿಯಲ್ಲಿ ಫ್ರೆಂಚ್ ತಗೊಂಡರೆ ಚಿಂತೆಯಿಲ್ಲ. ಸಿಇಟಿಯ ಕನ್ನಡ ಮಾಧ್ಯಮ ಮೀಸಲಾತಿಗೂ 1ರಿಂದ 10ರವರೆಗಿನ ಓದನ್ನೇ ನೋಡುವುದು. ಆದರೆ ಕನ್ನಡದಲ್ಲಿ ಒಂದು ಅರ್ಜಿ ಬರೆಯಲು ತಡವರಿಸುವ ಮಗು ಅದನ್ನೂ ಬಿಟ್ಟರೆ ನಾಳೆ ರಾಜ್ಯ ಸರ್ಕಾರದ ಕೆಲಸಕ್ಕೆ ಹೋಗುವಾಗ ಕಷ್ಟವಾಗುತ್ತದೆ.

ಇನ್ನು ಸಾಲ. ಕೊಡಬಹುದು. ಆದರೆ ಇಡೀ ಕೋರ್ಸಿನ ದುಡ್ಡು ಒಂದೇ ಸಲ ಬೇಡ. ಮೊದಲು ಎ1 ಕ್ಲಾಸಿನ ಫೀಸು ಮಾತ್ರ ಕೊಡಿ. ಫಲಿತಾಂಶದ ಕಾಗದ ಸಂಘದ ಸಭೆಯಲ್ಲಿ ನೋಡಿ, ಹಿಂದಿನ ಕಂತು ಕಟ್ಟಿದ್ದಾರಾ ಅಂತ ಪುಸ್ತಕ ನೋಡಿ, ಆಮೇಲೆ ಎ2. ಪರೀಕ್ಷೆಗಳು ಬೇರೆ ಬೇರೆ ಆದ್ದರಿಂದ ಎಲ್ಲ ಮೆಟ್ಟಿಲಿಗೂ ಡೆಲ್ಫ್ ಫೀಸು ಕಟ್ಟಬೇಕಾಗಿಲ್ಲ. ಕಲಿತವಳು ನೇರವಾಗಿ ಬಿ1 ಅಥವಾ ಬಿ2 ಬರೆಯಬಹುದು, ಅಷ್ಟು ಹಣ ಉಳಿಯಿತು. ಹಾಗೆಯೇ ಕಾಲೇಜಿನ ಫಾರಂ ತುಂಬುವ ಮೊದಲು ಕಚೇರಿಯಲ್ಲಿ ಬಾಯಿಬಿಟ್ಟು ಕೇಳಿ: ಫ್ರೆಂಚ್ ಉಪನ್ಯಾಸಕರು ಇದ್ದಾರಾ, ವಾರಕ್ಕೆ ಎಷ್ಟು ಪೀರಿಯಡ್ಡು, ಅಥವಾ ಹೊರಗೆ ಟ್ಯೂಷನ್ ಹಾಕಿಸಬೇಕಾಗುತ್ತದಾ ಅಂತ.