ಉಪನ್ಯಾಸಕ ಹುದ್ದೆ: ಓದಿದವರು ಓದಿಸುವ ದಾರಿ
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಟ್ರಸ್ಟ್ ಪರವಾಗಿ ಮಾಡಿದ ಭಾಷಣ)

 

ಅರ್ಜಿ ಹಿಡಿದು ಬರುವ ಪೋಷಕರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಡಿಗ್ರಿ ಆಯಿತಲ್ಲ, ಇನ್ನೂ ಎರಡು ವರ್ಷ ಎಂ.ಎ., ಎಂ.ಎಸ್ಸಿ. ಅಂತ ಓದಿಸಿದರೆ ಏನು ಪ್ರಯೋಜನ?" ಮನೆ ನಡೆಸುವ ಕಷ್ಟ ಬಲ್ಲವರ ನ್ಯಾಯವಾದ ಪ್ರಶ್ನೆ ಅದು. ನಮ್ಮ ಉತ್ತರಗಳಲ್ಲಿ ಒಂದು, ಉಪನ್ಯಾಸಕ ಹುದ್ದೆ.

'ಲೆಕ್ಚರರ್' ಎಂಬ ಪದದ ಮೂಲ ಲ್ಯಾಟಿನ್ ಭಾಷೆಯದು, ಅರ್ಥ 'ಓದುವವರು'. ಮುದ್ರಣ ಬರುವ ಮೊದಲು ಪುಸ್ತಕಗಳೆಲ್ಲ ಕೈಬರಹದವು, ಬಲು ದುಬಾರಿ. ಗುರು ಓದಿ ವಿವರಿಸುತ್ತಿದ್ದರು, ವಿದ್ಯಾರ್ಥಿಗಳು ಕೇಳಿ ಬರೆದುಕೊಳ್ಳುತ್ತಿದ್ದರು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲ ಇದ್ದ 'ರೀಡರ್' ಹುದ್ದೆಯ ಹೆಸರಿಗೂ ಅರ್ಥ ಅದೇ.

ಇಂಥ ಹುದ್ದೆಗಳನ್ನು ಹಿಂದೆ ನಿಲ್ಲಿಸಿದ್ದು ಹೆಚ್ಚಾಗಿ ದಾನವೇ. ಬಾಗ್ದಾದಿನಲ್ಲಿ ವಜೀರ ನಿಜಾಮುಲ್ ಮುಲ್ಕ್ ಸ್ಥಾಪಿಸಿದ ನಿಜಾಮಿಯಾ ಮದ್ರಸಾ 1067ರಲ್ಲಿ ಆರಂಭವಾಯಿತು. ವಕ್ಫ್ ಆಸ್ತಿಯ ಆದಾಯದಿಂದ ಅದು ನಡೆಯುತ್ತಿತ್ತು. 1091ರಲ್ಲಿ ಇಮಾಮ್ ಗಝಾಲಿಯವರು ಅಲ್ಲಿ ಪಾಠ ಹೇಳಲು ನೇಮಕವಾದರು. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ 1632ರಲ್ಲಿ ಅರಬ್ಬಿ ಉಪನ್ಯಾಸಕರ ಹುದ್ದೆ ಶುರುವಾದದ್ದು ಥಾಮಸ್ ಆಡಮ್ಸ್ ಎಂಬ ಲಂಡನ್ನಿನ ಬಟ್ಟೆ ವ್ಯಾಪಾರಿ ವರ್ಷಕ್ಕೆ 40 ಪೌಂಡ್ ಕೊಟ್ಟಿದ್ದರಿಂದ. ಅವರ ಹೆಸರಿನ ಅರಬ್ಬಿ ಪೀಠ ಇಂದಿಗೂ ಅಲ್ಲಿದೆ.

ನಮ್ಮ ನಾಡಿಗೆ ಬಂದರೆ, 1929ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಉಪನ್ಯಾಸಕರಾಗಿ ಸೇರಿದ ಕುವೆಂಪು ಅವರು 1956ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಕವಿ ಕೆ.ಎಸ್. ನಿಸಾರ್ ಅಹಮದ್ ಅವರು ಕಾಲೇಜುಗಳಲ್ಲಿ ಪಾಠ ಹೇಳಿದ್ದು ಭೂವಿಜ್ಞಾನವನ್ನು.

ಈಗ ಪದವಿ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲಿ ಈ ಹುದ್ದೆಗೆ 'ಸಹಾಯಕ ಪ್ರಾಧ್ಯಾಪಕ' ಎಂಬ ಹೆಸರು. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಮೀಸಲಾತಿ ವರ್ಗಗಳಿಗೆ ಶೇ. 50. ಜೊತೆಗೆ ಎನ್‌ಇಟಿ ಅಥವಾ ನಮ್ಮ ರಾಜ್ಯದ ಕೆ-ಸೆಟ್ ಪಾಸಾದರೆ ಅರ್ಹತೆ ಸಿಗುತ್ತದೆ. ಎನ್‌ಇಟಿಯಲ್ಲಿ ಈ ಅರ್ಹತೆಗೆ ವಯಸ್ಸಿನ ಮಿತಿಯಿಲ್ಲ. ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳೂ ಇದನ್ನು ನೆನಪಿಡಬೇಕು. ಆದರೆ ಅರ್ಹತೆಯೇ ನೇಮಕವಲ್ಲ. ಅರ್ಜಿ, ಆಯ್ಕೆ, ಕಾಯುವಿಕೆ ಎಲ್ಲ ಇರುತ್ತವೆ. ಎಷ್ಟೋ ಮಂದಿ ಮೊದಲು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾರೆ.

ಮಕ್ಕಳ ಕೈ ಬಿಟ್ಟುಹೋಗುವುದು ಈ ನಡುವಿನ ವರ್ಷಗಳಲ್ಲೇ. ಆದ್ದರಿಂದ ದಾನಿಗಳಲ್ಲಿ ನಮ್ಮ ವಿನಂತಿ: ನೆರವು ಡಿಗ್ರಿಗೇ ಮುಗಿಯದಿರಲಿ. ಪೋಷಕರಲ್ಲಿ ನಮ್ಮ ಕೋರಿಕೆ: ಸ್ನಾತಕೋತ್ತರ ಓದುವ ಆಸೆಯಿರುವ ಮಗನನ್ನೋ ಮಗಳನ್ನೋ ತಡೆಯುವ ಮುನ್ನ ಒಮ್ಮೆ ನಮ್ಮ ಬಳಿ ಬನ್ನಿ. ಒಬ್ಬ ಉಪನ್ಯಾಸಕಿ ತಯಾರಾದರೆ ಮುಂದಿನ ಮೂವತ್ತು ವರ್ಷದ ವಿದ್ಯಾರ್ಥಿಗಳಿಗೆ ಅದರ ಫಲ ಸಿಗುತ್ತದೆ.