ಫೈಲ್ ಪೂರ್ತಿಯಾಯಿತೇ?



ಒಮ್ಮೆ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ನಮ್ಮ ಶಾಲೆಯ ಕೊನೆಯ ಕೆಲವು ಮಕ್ಕಳ ಹೆಸರೇ ಇರಲಿಲ್ಲ. ನಾವು ಕಳುಹಿಸಿದ ಫೈಲ್ ಸರಿಯಾಗಿಯೇ ಇತ್ತು. ಅದು ಇನ್ನೂ ಕಾಪಿ ಆಗುತ್ತಿರುವಾಗಲೇ ಅಲ್ಲಿನ ಪ್ರೋಗ್ರಾಂ ಓದಿ ಮುಗಿಸಿತ್ತು. ಅರ್ಧ ಪಟ್ಟಿಯೂ ಅದಕ್ಕೆ ಪಟ್ಟಿಯೇ!

ಫೋಲ್ಡರಿನಲ್ಲಿ ಫೈಲಿನ ಹೆಸರು ಮೊದಲು ಕಾಣುತ್ತದೆ, ಮಾಹಿತಿ ಆಮೇಲೆ ತುಂಬುತ್ತದೆ. ಗಾತ್ರ ಬೆಳೆಯುವುದು ನಿಂತಿತೆಂದು ನಂಬುವುದೂ ಅಪಾಯ. ನೆಟ್‌ವರ್ಕ್ ತಡವಾದರೂ ಅದು ನಿಲ್ಲುತ್ತದೆ. ಬರೆಯಲು ತೆರೆದ ಫೈಲ್ ಮುಚ್ಚಿದಾಗ ಲಿನಕ್ಸ್‌ನ ಐನೋಟಿಫೈ ಸೂಚನೆ ಕೊಡುತ್ತದೆ. ಆದರೆ ಬರೆಯುವ ಪ್ರೋಗ್ರಾಂ ನಡುವೆಯೇ ಕೆಟ್ಟು ನಿಂತರೂ ಫೈಲ್ ಮುಚ್ಚುತ್ತದೆ.

ಹಾಗಾದರೆ ದಾರಿ ಯಾವುದು? ಮುಗಿಯಿತೆಂದು ಬರೆಯುವವರೇ ಹೇಳಬೇಕು. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ಅದೇ ಡಿಸ್ಕಿನ ಅದೇ ವಿಭಾಗದಲ್ಲಿ ನಿಜವಾದ ಹೆಸರು ಕೊಡಬೇಕು. ಲಿನಕ್ಸ್‌ನಲ್ಲಿ ಈ ಬದಲಾವಣೆ ಒಮ್ಮೆಲೇ ಆಗುತ್ತದೆ, ಓದುವವರಿಗೆ ಅರ್ಧ ಫೈಲ್ ಸಿಗುವುದಿಲ್ಲ. ಫೈರ್‌ಫಾಕ್ಸ್ ಡೌನ್‌ಲೋಡ್ ಮುಗಿಯುವವರೆಗೆ ಹೆಸರಿಗೆ ‘ಪಾರ್ಟ್’ ಎಂಬ ಬಾಲ ಹಚ್ಚುವುದೂ ಇದೇ ರೀತಿ.

ಜೊತೆಗೆ ಕೊನೆಯ ಸಾಲಿನಲ್ಲಿ ಒಟ್ಟು ಹೆಸರುಗಳ ಸಂಖ್ಯೆಯಿರಲಿ. ಎಣಿಕೆ ತಾಳೆಯಾಗದಿದ್ದರೆ ಪ್ರೋಗ್ರಾಂ ಮುಂದುವರಿಯಬಾರದು. ಹಾಜರಿ ಪುಸ್ತಕದಲ್ಲಿ ನಾವು ಒಟ್ಟು ಬರೆದೇ ಸಹಿ ಹಾಕುವುದಲ್ಲವೇ?

ಇನ್‌ಷಾ ಅಲ್ಲಾಹ್, ನಾಳೆ ನಿಮ್ಮಲ್ಲಿ ಕೆಲವರು ಇಂತಹ ಪ್ರೋಗ್ರಾಂ ಬರೆಯುವಿರಿ. ಅಂದು ಪಟ್ಟಿಯ ಕೊನೆಯ ಸಾಲಿನಲ್ಲಿರುವ ಮಗುವನ್ನು ಮರೆಯಬೇಡಿ.