ಪರರ ಪತ್ರಿಕೆಯಿಂದ ಸ್ವಂತ ಪತ್ರಿಕೆಗೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದವನು ಒಂದು ದಿನ ತಾನೇ ಪತ್ರಿಕೆಯ ಒಡೆಯನಾಗುವುದುಂಟು. ನೋಡುವವರಿಗೆ ಅದು ಏಳಿಗೆಯೆಂದೇ ತೋರುತ್ತದೆ. ಆದರೆ ಸಂಬಳ ಪಡೆಯುತ್ತಿದ್ದವನು ಅಂದಿನಿಂದ ಸಂಬಳ ಕೊಡಬೇಕಾದವನಾಗುತ್ತಾನೆ. ಮುದ್ರಣಾಲಯದವರಿಗೂ ಕಾಗದದ ವ್ಯಾಪಾರಿಗೂ ಉತ್ತರ ಹೇಳಬೇಕಾದವನಾಗುತ್ತಾನೆ. ಹೀಗಿದ್ದೂ ಕೆಲವರು ಈ ಹಾದಿಯನ್ನು ಏಕೆ ಹಿಡಿದರೆಂಬುದನ್ನು ನಾವಿಂದು ವಿಚಾರಿಸಬೇಕಾಗಿದೆ. ಗಡಿನಾಡಿನ ಕನ್ನಡದ ಬಾಳುವೆಗೂ ಅದಕ್ಕೂ ನೇರವಾದ ಸಂಬಂಧವಿದೆ.

ಕನ್ನಡನಾಡಿನ ಮೂಡಣ ಗಡಿಯ ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಬೆಂಗಳೂರಿನ 'ಸೂರ್ಯೋದಯ ಪ್ರಕಾಶಿಕೆ'ಯಲ್ಲಿ ಬಾತ್ಮೀದಾರರಾಗಿ ದುಡಿದವರು. ಶಾಲೆಯ ಓದು ಮೆಟ್ರಿಕ್ಯುಲೇಷನ್ನಿನಲ್ಲೇ ನಿಂತಿತ್ತು. 1913ರಲ್ಲಿ ಅವರು 'ಕರ್ನಾಟಕ'ವೆಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ಹೊರಡಿಸಿದರು. ಹೆಸರು ಕರ್ನಾಟಕ, ನುಡಿ ಇಂಗ್ಲಿಷ್! ಆಳುವವರ ಕಿವಿಗೆ ಅಂದು ಆ ನುಡಿಯೇ ಬೇಗ ಮುಟ್ಟುತ್ತಿತ್ತೆಂದು ನಾವು ಭಾವಿಸುತ್ತೇವೆ. ಮುಂದೆ 1928ರಲ್ಲಿ ಅವರು 'ವೃತ್ತಪತ್ರಿಕೆ' ಎಂಬ ಗ್ರಂಥವನ್ನು ಬರೆದು, ಈ ಕಸುಬಿನ ವಿಚಾರವನ್ನು ಕನ್ನಡಿಗರಿಗೆ ಕನ್ನಡದಲ್ಲಿಯೇ ತಿಳಿಸಿಕೊಟ್ಟರು.

ನಮಗೆ ಇನ್ನೂ ಹತ್ತಿರದವರು ಕಡೆಂಗೋಡ್ಲು ಶಂಕರಭಟ್ಟರು. ಅವರು ಹುಟ್ಟಿದ್ದು 1904ರಲ್ಲಿ, ವಿಟ್ಲದ ಬಳಿಯ ಪೆರುವಾಯಿಯಲ್ಲಿ. ಅಂದು ಕಾಸರಗೋಡೂ ಪೆರುವಾಯಿಯೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. 'ಘೋಷಯಾತ್ರೆ'ಯ ಕವಿಯೆಂದು ನಾಡು ಅವರನ್ನು ಬಲ್ಲದು. 1965ರ ಕಾರವಾರದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆದರೆ ಆ ಕವಿ ಮಂಗಳೂರಿನ ಸಂತ ಆಗ್ನೇಸ್ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ, 'ರಾಷ್ಟ್ರಬಂಧು' ವಾರಪತ್ರಿಕೆಯ ಸಂಪಾದಕರಾಗಿಯೂ ಬಹುಕಾಲ ದುಡಿದರೆಂಬುದನ್ನು ನಮ್ಮ ಮಕ್ಕಳಿಗೆ ಹೇಳುವವರು ಕಡಮೆ. ತರುವಾಯ ಅವರು 'ರಾಷ್ಟ್ರಮತ'ವೆಂಬ ಸ್ವಂತ ಪತ್ರಿಕೆಯನ್ನು ಹೊರಡಿಸಿದರು. ಹೆಸರಾಂತ ಪತ್ರಿಕೆಯ ಸಂಪಾದಕನಿಗೆ ಸ್ವಂತ ಪತ್ರಿಕೆಯ ತೊಡಕು ಏಕೆ ಬೇಕಿತ್ತೆಂದು ಕೇಳಬಹುದು. ಸಂಪಾದಕನ ಲೇಖನಿಗೆ ಮಾಲೀಕನ ಇಷ್ಟಾನಿಷ್ಟಗಳು ಒಂದು ಎಲ್ಲೆಯನ್ನು ಹಾಕಿಯೇ ಇರುತ್ತವೆ. ಆ ಎಲ್ಲೆಯನ್ನು ದಾಟಬೇಕೆಂದರೆ ಮಾಲೀಕತನದ ಭಾರವನ್ನೂ ತಾನೇ ಹೊರಬೇಕು.

ಆ ಭಾರವೇನು ಸಾಮಾನ್ಯವೇ? ಒಂದೊಂದೇ ಮೊಳೆಯನ್ನು ಕೈಯಿಂದ ಜೋಡಿಸಿ, ಕರಡು ತಿದ್ದಿ, ಅಚ್ಚಾದ ಹಾಳೆಗಳನ್ನು ಮಡಿಚಿ, ವಿಳಾಸದ ಚೀಟಿ ಅಂಟಿಸಿ, ಅಂಚೆ ಹೊರಡುವ ಮೊದಲೇ ಕಟ್ಟುಗಳನ್ನು ಮುಟ್ಟಿಸಬೇಕಾಗಿದ್ದ ಕಾಲವದು. ಇಂದು ಮೊಳೆಯ ಕೆಲಸವನ್ನು ಗಣಕಯಂತ್ರವು ಮಾಡುತ್ತದೆ. ಚಂದಾ ಬಾಕಿಯನ್ನು ವಸೂಲು ಮಾಡುವ ಯಂತ್ರ ಮಾತ್ರ ಇನ್ನೂ ಹುಟ್ಟಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಬೇಕೆಂಬ 350ಎ ವಿಧಿಯು ಸಂವಿಧಾನಕ್ಕೆ ಸೇರಿದುದೂ ಅದೇ ವರ್ಷ. ವಿಧಿಯೇನೋ ಇದೆ, ಆದರೂ ಕನ್ನಡವರಿಯದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದ ಪ್ರಸಂಗಗಳು ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ನಡೆದಿವೆ. ದೂರದ ನಗರದಲ್ಲಿ ಅಚ್ಚಾಗುವ ದೊಡ್ಡ ಪತ್ರಿಕೆಗೆ ನಮ್ಮ ವರದಿಗಾರನು ಇದನ್ನು ಬರೆದು ಕಳುಹಿಸುತ್ತಾನೆ. ಅಲ್ಲಿ ಅದು ನಾಲ್ಕು ಸಾಲಾಗಿ, ಒಂದು ದಿನ ಬೆಳಕು ಕಂಡು ಮರೆಯಾಗುತ್ತದೆ. ದೋಷ ವರದಿಗಾರನದಲ್ಲ, ಇಡೀ ರಾಜ್ಯದ ಸುದ್ದಿಯ ನಡುವೆ ನಮ್ಮ ಊರಿನ ಒಂದು ತರಗತಿಗೆ ಅಷ್ಟೇ ಎಡೆ. ಊರಿನ ಪತ್ರಿಕೆಯ ಒಡೆಯನಾದರೋ, ಅಧ್ಯಾಪಕರು ಬರುವವರೆಗೂ ವಾರ ವಾರವೂ ಅದನ್ನೇ ಮುಖಪುಟದಲ್ಲಿ ಹಾಕಬಲ್ಲನು. ಬೇಸರವಾಯಿತೆಂದು ಓದುಗರು ಗೊಣಗಬಹುದು, ಜಾಹೀರಾತು ಕೊಡುವವರು ಮುಖ ತಿರುಗಿಸಬಹುದು. ನಿಲ್ಲಿಸೆಂದು ಆಜ್ಞಾಪಿಸುವವರು ಮಾತ್ರ ಅವನ ಮೇಲೆ ಯಾರೂ ಇಲ್ಲ.

ಆದರೆ ನಾವು ಚಂದಾ ಕಳುಹಿಸದಿದ್ದರೆ, ಆಜ್ಞೆಯಿಲ್ಲದೆಯೇ ಅದು ನಿಲ್ಲುತ್ತದೆ. ಮನೆಗೆ ಬಂದ ಸಂಚಿಕೆಯನ್ನು ಓದಿ, ನೆರೆಮನೆಗೂ ಕೊಟ್ಟು, ಚಂದಾ ಮುಗಿದ ಸೂಚನೆಯನ್ನು ಪಂಚಾಂಗದೊಳಗೆ ಸಿಕ್ಕಿಸಿಡುವ ಅಭ್ಯಾಸ ನಮ್ಮಲ್ಲಿ ಹೊಸದಲ್ಲ. ಇನ್ನು ಮುಂದೆ ಆ ಸೂಚನೆ ಬಂದ ವಾರವೇ ಹಣ ಕಳುಹಿಸೋಣ. ಅದರೊಡನೆ ನಮ್ಮೂರಿನ ಶಾಲೆಯಲ್ಲಿ ಈ ವರ್ಷ ಒಂದನೆಯ ತರಗತಿಗೆ ಎಷ್ಟು ಮಕ್ಕಳು ಸೇರಿದರು, ಯಾವ ಪಾಠಕ್ಕೆ ಅಧ್ಯಾಪಕರಿಲ್ಲ ಎಂಬುದನ್ನೂ ನಮ್ಮ ಕೈಯಾರೆ ಬರೆದು ಕಳುಹಿಸೋಣ.